ಎಡಗೈ ಎತ್ತದವನು

ಕೊಲೆ ನಡೆದದ್ದು ಹಾಡಹಗಲಲ್ಲಿ, ಒಂದು ಹಿಂಡು ಜನರ ಕಣ್ಣೆದುರಿಗೆ. ಸತ್ತದ್ದು ಒಂದು ದನಿ. ಎಲ್ಲರೂ ಅದನ್ನು ಸಹಜ ಸಾವು ಎಂದೇ ತಿಳಿದರು.

ರೈಲು ನಿಲ್ದಾಣದ ಮುಂದಿನ ಬಯಲಿನಲ್ಲಿ ಎರಡು ತೆಳ್ಳನೆಯ ಮರದ ಪೆಟ್ಟಿಗೆಗಳು ನಿಂತಿದ್ದವು. ಒಂದು ಎಡಕ್ಕೆ, ಒಂದು ಬಲಕ್ಕೆ, ಎರಡೂ ಆಳೆತ್ತರ. ಒಂದೊಂದರಲ್ಲೂ ಅಂಗೈಯಗಲದ ಪುಟ್ಟ ಸ್ಪೀಕರುಗಳು ಒಂದರ ತಲೆಯ ಮೇಲೆ ಒಂದು. ನಡುವೆ ಕುರ್ಚಿಗಳು. ಕುರ್ಚಿಗಳಲ್ಲಿ ರೈಲ್ವೆಯ ದೊಡ್ಡ ಸಾಹೇಬರು, ಮತ್ತು ಅವರು ನಕ್ಕಾಗ ನಗುವ ಸಣ್ಣ ಸಾಹೇಬರುಗಳು.

ಹಿಂದೆ ಬಂದೋಬಸ್ತಿಗೆ ರೈಲ್ವೆ ಪೊಲೀಸ್ ಇನ್ಸ್‌ಪೆಕ್ಟರ್. ಹೆಂಗಸು. ಠಾಣೆಯವರು ಬೆನ್ನ ಹಿಂದೆ ಅವಳನ್ನು ಕರೆಯುತ್ತಿದ್ದದ್ದು ಚಕ್ರ ಎಂದು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಕೂತಲ್ಲಿ ಕೂರಳು, ನಿಂತಲ್ಲಿ ನಿಲ್ಲಳು. ಇಡೀ ಠಾಣೆಯಲ್ಲಿ ಸೀಟು ಸವೆಯದ ಕುರ್ಚಿ ಅವಳದೊಂದೇ.

ಪೆಟ್ಟಿಗೆಗಳನ್ನು ಕಟ್ಟಿದ ಹೆಣ್ಣುಮಗಳು ಎದ್ದು ನಿಂತಳು. ಕೈಯಲ್ಲಿ ಅಂಟಿನ ಕಲೆ, ಕಣ್ಣಲ್ಲಿ ನಿದ್ದೆಯಿಲ್ಲ.

"ಚಾವಣಿ ಮೇಲಿನ ಹಳೇ ಕಹಳೆ ಸ್ಪೀಕರುಗಳು ಮಾತನ್ನ ಎಲ್ಲಾ ಕಡೆ ಚೆಲ್ಲುತ್ವೆ. ಅದು ಗೋಡೆಗೆ ಬಡಿದು ವಾಪಸ್ ಬಂದು ಗದ್ದಲ ಆಗುತ್ತೆ. ನನ್ನ ಪೆಟ್ಟಿಗೆ ಮೇಲೆ ಕೆಳಗೆ ಚೆಲ್ಲಲ್ಲ. ಮಾತು ನೇರ ಮುಂದಕ್ಕೆ, ಕಿವಿಯ ಎತ್ತರದಲ್ಲೇ ಹೋಗುತ್ತೆ. ಒಳಗೆ ಕೋಣೆಯಲ್ಲಿ ನಮ್ಮಪ್ಪ ಮೈಕಿನ ಮುಂದೆ ಕೂತಿದಾರೆ. ಅವರು ಏನೋ ಮಾಡೋಕೆ ಹೇಳ್ತಾರೆ. ಏನು ಅಂತ ನನಗೂ ಗೊತ್ತಿಲ್ಲ. ಕೇಳಿಸಿದವರು ಹಾಗೇ ಮಾಡಿ."

"ಕೇಳಿಸಿತು ಅಂತ ಬಾಯಲ್ಲೇ ಹೇಳಿದ್ರೆ ಆಗಲ್ವಾ?" ಎಂದರು ದೊಡ್ಡ ಸಾಹೇಬರು.

"ಬಾಯಿ ಮರ್ಯಾದೆಗೆ ಹೂಂ ಅನ್ನುತ್ತೆ ಸರ್. ಕೈಕಾಲು ಅನ್ನಲ್ಲ."

ಅವಳಪ್ಪನನ್ನು ಊರಿಗೆ ಊರೇ ಬಲ್ಲದು. ಇದೇ ನಿಲ್ದಾಣದಲ್ಲಿ ಗಾಡಿಗಳ ಹೆಸರು ಕೂಗಿದವನು. ಯಾರಿಗೂ ಒಂದಕ್ಷರ ತಿಳಿಯದೆ ಗಾಡಿ ತಪ್ಪಿಸಿಕೊಂಡ ಜನ ಅವನಿಗಿಟ್ಟ ಹೆಸರು ಗೊಣಗಪ್ಪ. ಕಡೆಗೆ ಮೈಕು ಕಿತ್ತುಕೊಂಡು, ಕಳೆದುಹೋದ ಸಾಮಾನಿನ ಕೌಂಟರಿನಲ್ಲಿ ಕೂರಿಸಿದರು. ಅಲ್ಲೇ ನಿವೃತ್ತಿ. ಈಗ ಗಂಟಲಲ್ಲಿ ಗಡ್ಡೆ. ನಾಳೆ ಆಪರೇಷನ್. ಆಮೇಲೆ ದನಿಯೇ ಇರುವುದಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು. ತನ್ನ ಅಪ್ಪ ಗೊಣಗುವವನಲ್ಲವೆಂದು ಊರಿಗೆ ತೋರಿಸಲು ಮಗಳಿಗೆ ಉಳಿದಿದ್ದದ್ದು ಈ ಒಂದು ದಿನ ಮಾತ್ರ.

ಎಡ ಪೆಟ್ಟಿಗೆಯ ಪಕ್ಕದ ಮೇಜಿನಲ್ಲಿ ಆಂಪ್ಲಿಫೈಯರ್. ಅದರ ಮುಂದೆ ನಿಲ್ದಾಣದ ಸೌಂಡ್ ಎಂಜಿನಿಯರ್, ಅಪ್ಪನ ಜೀವದ ಗೆಳೆಯ. ಮಗಳೂ ಅವಳ ತಮ್ಮನೂ ಅವನನ್ನು ಕರೆಯುವುದು ಚಿಕ್ಕಪ್ಪ ಎಂದು. ಅವನು ತಲೆಯಾಡಿಸಿ ಗುಂಡಿ ತಿರುಗಿಸಿದ.

ಪೆಟ್ಟಿಗೆಗಳಿಂದ ಏನೋ ಹೊರಟಿತು. ಮಾತಿನ ಸಿಪ್ಪೆ ಬಂತು, ತಿರುಳಿಲ್ಲ. ಸಾಹೇಬರುಗಳು ಕಿವಿಗೆ ಕೈ ಹಚ್ಚಿದರು, ಮುಖ ಮುಖ ನೋಡಿಕೊಂಡರು. ಯಾರೂ ಮಿಸುಕಲಿಲ್ಲ.

"ಚಿಕ್ಕಪ್ಪಾ, ಅಲ್ಲಿ?" ಮಗಳು ಕೂಗಿದಳು.

"ಇಲ್ಲೂ ಏನೂ ಇಲ್ಲಮ್ಮ!" ಅವನು ಎರಡೂ ಕೈ ಅಲ್ಲಾಡಿಸಿದ.

ಚಕ್ರ ಅಷ್ಟು ಹೊತ್ತಿಗೆ ನಿಂತು ನಿಂತು ಸಾಕಾಗಿ ಎಡಗಡೆಗೆ ಹೊರಟಿದ್ದಳು. ಮೇಜಿನ ಹಿಂದೆ ಕಸ ಗುಡಿಸುವವಳೊಬ್ಬಳು ಪೊರಕೆ ಊರಿಕೊಂಡು ನಿಂತಿದ್ದಳು. ಅವಳ ಎಡಗೈ ಮೇಲಿತ್ತು. ಪಕ್ಕದ ಹಮಾಲಿಯದೂ ಮೇಲಿತ್ತು. ನೊಣ ಓಡಿಸುತ್ತಿದ್ದಾರೇನೋ ಎಂದುಕೊಂಡಳು ಚಕ್ರ. ಆಮೇಲೆ ನೋಡಿದರೆ ತನ್ನದೇ ಎಡಗೈ ಮೇಲಿತ್ತು.

*

ದೊಡ್ಡ ಸಾಹೇಬರು ಗಡಿಯಾರ ನೋಡಿಕೊಂಡರು. "ಪಾಪ, ಕಷ್ಟಪಟ್ಟಿದೀರ. ಆದ್ರೆ ಇದ್ದ ಕಹಳೆಗಳೇ ಸಾಕು. ನನ್ನ ಗಾಡಿಗೆ ಹೊತ್ತಾಗ್ತಾ ಬಂತು." ಹೇಳಿ, ಪರಿವಾರದ ಸಮೇತ ಚಹಾಕ್ಕೆ ಒಳಗೆ ನಡೆದರು.

ಚಿಕ್ಕಪ್ಪ ಮಗಳ ತಲೆ ಸವರಿದ. "ಹೋಗ್ಲಿ ಬಿಡಮ್ಮ. ನೀನು ಅಪ್ಪನ್ನ ಮನೆಗೆ ಕರ್ಕೊಂಡು ಹೋಗು. ಪೆಟ್ಟಿಗೆ ಬಿಚ್ಚಿ ಕಟ್ಟಿಸೋದು ನನಗಿರಲಿ." ಅವನೂ ಚಹಾಕ್ಕೆ ಹೋದ.

ಚಾವಣಿಯ ಕಹಳೆಗಳು ಅದೇ ಹೊತ್ತಿಗೆ ಏನೋ ಗೊರಗುಟ್ಟಿದವು. ಯಾವುದೋ ಗಾಡಿ, ಯಾವುದೋ ಪ್ಲಾಟ್‌ಫಾರ್ಮ್. ಯಾರೂ ತಲೆ ಎತ್ತಲಿಲ್ಲ.

ಮಗಳು ನೆಲದ ಮೇಲೆ ಕುಸಿದು ಕೂತಿದ್ದಳು. ಚಕ್ರ ಅವಳ ಸುತ್ತ ಒಂದು ಸುತ್ತು ಹಾಕಿದಳು.

"ಎಡಗೈ ಎತ್ತಿ ಅಂದ್ರಲ್ವಾ ನಿಮ್ಮಪ್ಪ?"

ಮಗಳು ಚಕ್ಕನೆ ತಲೆ ಎತ್ತಿದಳು. "ನಿಮಗೆ ಕೇಳಿಸ್ತಾ?"

"ಎಡಗಡೆ ಹೋದಾಗ. ನಡುವೆ ಇದ್ದಾಗ ಇಲ್ಲ."

ಮಗಳು ಎದ್ದು ಓಡಿದಳು. ಬಲ ಪೆಟ್ಟಿಗೆಯ ಬೆನ್ನಿನ ಹಲಗೆ ಬಿಚ್ಚಿದಳು. ಕಾನ್‌ಸ್ಟೇಬಲನ ಟಾರ್ಚಿನಿಂದ ಬ್ಯಾಟರಿ ಕಿತ್ತಳು. ಅದರ ತುದಿಗಳಿಗೆ ತಂತಿ ಮುಟ್ಟಿಸಿ ಎಡ ಪೆಟ್ಟಿಗೆಗೆ ತಾಗಿಸಿದಳು. ಕಾಗದದ ಬಟ್ಟಲುಗಳು ಟಪ್ ಎಂದು ಮುಂದಕ್ಕೆ ಪುಟಿದವು. ಬಲಕ್ಕೆ ತಾಗಿಸಿದಳು. ಟಪ್ ಎಂದು ಹಿಂದಕ್ಕೆ ಸರಿದವು.

"ಒಳಗೆ ತಂತಿ ಅದಲು ಬದಲು ಮಾಡಿದಾರೆ ಮೇಡಂ. ಒಬ್ಬ ಉಸಿರು ಬಿಡುವಾಗ ಇನ್ನೊಬ್ಬ ಎಳ್ಕೊಂಡ ಹಾಗೆ. ಸರಿಯಾಗಿ ನಡುವೆ ಕೂತವರ ಕಿವೀಲಿ ಎರಡೂ ಸೇರಿ ಸೊನ್ನೆ. ಪಕ್ಕಕ್ಕೆ ಹೋದ್ರೆ ಹತ್ತಿರದ ಪೆಟ್ಟಿಗೆ ಗೆಲ್ಲುತ್ತೆ, ಕೇಳಿಸುತ್ತೆ." ಅವಳ ಕೈ ತಂತಿಯತ್ತ ಹೋಯಿತು. "ಒಂದು ನಿಮಿಷ, ಸರಿಮಾಡ್ತೀನಿ."

"ಮುಟ್ಟಬೇಡಿ. ಹೆಣ ಸುಟ್ಟ ಮೇಲೆ ಪೋಸ್ಟ್‌ಮಾರ್ಟಂ ಆಗಲ್ಲ. ಮುಚ್ಚಿ ಹಲಗೆ."

"ಸಾಹೇಬ್ರು ಹೊರಟುಬಿಡ್ತಾರೆ! ಅಪ್ಪನಿಗೆ ನಾಳೆ..."

"ಗೊತ್ತು. ಈಗ ಸರಿಮಾಡಿ ಇನ್ನೊಂದು ಸಲ ಕೇಳಿ ಅಂದ್ರೆ ಅವರು ಕೂರ್ತಾರಾ? ಕೆಟ್ಟಿದ್ದು ತಾನಾಗಿ ಅಲ್ಲ, ಕೆಡಿಸಿದ್ದು ಅಂತ ಮೊದಲು ತೋರಿಸಬೇಕು. ಕೆಡಿಸಿದವನು ಯಾರು ಅಂತಲೂ."

*

ಮೊದಲು ಸಿಕ್ಕಿದವನು ತಮ್ಮ. ಪೆಟ್ಟಿಗೆಗಳಿಗೆ ತಂತಿ ಕಟ್ಟಿದವನು ಅವನೇ. ಅಕ್ಕ ಅವನ ಮೇಲೆ ಹರಿಹಾಯ್ದಳು.

"ನಿನಗೆ ಆ ಕಹಳೆ ಕಂಟ್ರಾಕ್ಟರ್ ಕೆಲಸ ಕೊಡ್ತೀನಿ ಅಂದಿದ್ದ, ಅಲ್ವೇನೋ? ಎಷ್ಟಕ್ಕೆ ಮಾರಿಕೊಂಡೆ?"

"ಅಕ್ಕಾ! ಬೆಳಿಗ್ಗೆ ನೀನೇ ನಡುವಿನ ಕುರ್ಚೀಲಿ ಕೂತು ಕೇಳಿದ್ಯಲ್ಲ! ಗಂಟೆ ಹೊಡೆದ ಹಾಗಿದೆ ಅಂದ್ಯಲ್ಲ!" ಅವನ ಕಣ್ಣಲ್ಲಿ ನೀರು ತುಂಬಿತು.

ಚಕ್ರ ನಡೆಯುವುದನ್ನು ನಿಲ್ಲಿಸಿದಳು. "ಬೆಳಿಗ್ಗೆ ಸರಿಯಾಗಿ ಕೇಳಿಸ್ತಾ?"

ಅಕ್ಕ ತಲೆ ತಗ್ಗಿಸಿದಳು. "ಹೌದು."

"ಆಮೇಲೆ ನೀನು ಎಲ್ಲಿಗೆ ಹೋದೆ?" ಚಕ್ರ ತಮ್ಮನನ್ನು ಕೇಳಿದಳು.

"ಅಪ್ಪನ್ನ ಕರ್ಕೊಂಡು ಬರೋಕೆ. ಆಗಿನಿಂದ ಕೋಣೇಲಿ ಅವರ ಜೊತೆಗೇ ಇದ್ದೆ."

ಎರಡನೆಯವನು ಕಹಳೆ ಕಂಟ್ರಾಕ್ಟರ್. ಚಾವಣಿಯ ಕಹಳೆಗಳನ್ನು ಒದಗಿಸಿದವನು, ಹೊಟ್ಟೆ ಮುಂದೆ ಬಂದ ಮೇಲೆ ತಾನು ಬರುವ ಆಸಾಮಿ. ನಸುಕಿನಲ್ಲೇ ಅವನು ಬಲ ಪೆಟ್ಟಿಗೆಯ ಹಿಂದೆ ಬಗ್ಗಿಕೊಂಡಿದ್ದನ್ನು ಹಮಾಲಿ ನೋಡಿದ್ದ. ಚಕ್ರ ಗೇಟಿನ ಬಳಿ ಅವನನ್ನು ಅಡ್ಡಹಾಕಿದಳು.

"ಅಲ್ಲೇನು ಕೆಲಸ ನಿಮಗೆ?"

"ಗಾಳಿ ಸೇವನೆ ಮೇಡಂ."

"ಬಗ್ಗಿಕೊಂಡಾ?"

ಕಂಟ್ರಾಕ್ಟರ್ ಬೆವರಿದ. ಜೇಬಿನಿಂದ ಟೇಪು ಹೊರಬಂತು. ಅಳತೆ ತೆಗೆಯಲು ಹೋಗಿದ್ದನಂತೆ, ಎತ್ತರ, ಅಗಲ, ಎರಡು ಸ್ಪೀಕರುಗಳ ನಡುವಿನ ಅಂತರ. "ನಕಲು ಮಾಡೋಣ ಅಂತಿದ್ದೆ, ಸುಳ್ಯಾಕೆ? ಆದ್ರೆ ನೀವೇ ಯೋಚನೆ ಮಾಡಿ. ಹಾಲು ಕರೆಯೋಕೆ ಬಂದೋನು ಹಸೂಗೆ ವಿಷ ಹಾಕ್ತಾನಾ? ಇದು ಇವತ್ತು ಗೆದ್ದಿದ್ರೆ ನಾಳೆ ನನ್ನ ಅಂಗಡೀಲೂ ಇರ್ತಿತ್ತು."

ಕಳ್ಳನಾದರೂ ಮಾತಿನಲ್ಲಿ ನ್ಯಾಯವಿತ್ತು. ಅದಕ್ಕಿಂತ ಹೆಚ್ಚಾಗಿ, ಅವನು ಬಂದದ್ದು ಪೆಟ್ಟಿಗೆಗಳನ್ನು ಪರೀಕ್ಷೆ ಮಾಡುವ ಮೊದಲು. ತಂತಿ ಬದಲಾದದ್ದು ಆಮೇಲೆ.

ಚಕ್ರ ಬಯಲಿಗೆ ಮರಳಿ ಎಡಕ್ಕೂ ಬಲಕ್ಕೂ ನಡೆದಳು. ಕಾಲು ಓಡುತ್ತಿತ್ತು, ತಲೆ ಅದರ ಹಿಂದೆ ಓಡುತ್ತಿತ್ತು. ಎಡಗಡೆಯ ಮೇಜಿನ ಬಳಿ ಬಂದಾಗ ಎರಡೂ ನಿಂತವು. ಗುಡಿಸುವವಳು ಇನ್ನೂ ಅಲ್ಲೇ ಗುಡಿಸುತ್ತಿದ್ದಳು.

"ಏನಮ್ಮಾ, ಆಗ ಕೈ ಎತ್ತಿದ್ಯಲ್ಲ?"

"ಎತ್ತಿ ಅಂದ್ರು, ಎತ್ತಿದೆ. ಇಳಿಸಿ ಅನ್ನಲೇ ಇಲ್ಲ. ಕೈ ನೋವು ಬಂತು."

ಚಕ್ರ ನಕ್ಕಳು. ಆಮೇಲೆ ಆ ನಗು ಮುಖದಲ್ಲೇ ಒಣಗಿತು. ಮಗಳ ಬಳಿ ಹೋಗಿ ಮೆಲ್ಲಗೆ ಕೇಳಿದಳು.

"ಬೆಳಿಗ್ಗೆ ಪರೀಕ್ಷೆ ಆದ ಮೇಲೆ ಪೆಟ್ಟಿಗೆ ಹತ್ತಿರ ಯಾರಿದ್ರು?"

"ನಾನು ಮುಖ ತೊಳೆದು ಬರೋಕೆ ಹೋದೆ. ಚಿಕ್ಕಪ್ಪ ಕಾವಲಿದ್ರು. ಯಾಕೆ ಮೇಡಂ?"

ಚಕ್ರ ಒಬ್ಬ ಕಾನ್‌ಸ್ಟೇಬಲನ್ನು ಕರೆದು ಕಿವಿಯಲ್ಲಿ ಏನೋ ಹೇಳಿ ಮೈಕಿನ ಕೋಣೆಗೆ ಅಟ್ಟಿದಳು. ಆಮೇಲೆ ತಾನೇ ಚಹಾದ ಕೋಣೆಗೆ ನುಗ್ಗಿದಳು.

*

"ಎರಡೇ ನಿಮಿಷ ಸರ್. ನಿಲ್ದಾಣದ ಆವರಣದಲ್ಲಿ ಅಪರಾಧ ನಡೆದಿದೆ. ಸಾಕ್ಷಿ ನೀವೇ."

ಸಾಕ್ಷಿ ಎಂದ ಕೂಡಲೇ ದೊಡ್ಡ ಸಾಹೇಬರು ಎದ್ದರು. ಎಲ್ಲರೂ ಬಯಲಿಗೆ ಬಂದು ಮೊದಲಿನ ಹಾಗೇ ಕೂತರು. ಚಿಕ್ಕಪ್ಪ ಮೇಜಿನ ಮುಂದೆ ಹೋಗಿ ಕೂತ.

"ಆಗ ನಿಮಗೆ ಏನಾದ್ರೂ ಕೇಳಿಸ್ತಾ ಸರ್?" ಚಕ್ರ ಅವನನ್ನು ಕೇಳಿದಳು.

"ಹೇಳಿದೆನಲ್ಲ ಮೇಡಂ. ಒಂದಕ್ಷರ ಇಲ್ಲ. ನನಗೂ ವಯಸ್ಸಾಯ್ತು, ಕಿವಿ ಮಂದ."

"ಆಗಲಿ. ಇನ್ನೊಂದು ಸಲ ನೋಡೋಣ."

ಚಕ್ರ ಮೈಕಿನ ಕೋಣೆಯ ಕಿಟಕಿಯತ್ತ ಕೈ ಬೀಸಿದಳು. ಪೆಟ್ಟಿಗೆಗಳಿಂದ ಮತ್ತೆ ಅದೇ ಸಿಪ್ಪೆ ಹೊರಟಿತು. ನಡುವೆ ಕೂತವರು ಮತ್ತೆ ಕಿವಿಗೆ ಕೈ ಹಚ್ಚಿದರು.

ಎಡಗಡೆಯಲ್ಲಿ ಚಿಕ್ಕಪ್ಪ ಚೇಳು ಕುಟುಕಿದ ಹಾಗೆ ಹಾರಿದ. ಕಾಲೆರಡನ್ನೂ ಎಳೆದುಕೊಂಡು, ಕುರ್ಚಿ ಕೆಡವಿ, ಮೇಜಿನ ಕೆಳಗೆ ಬಗ್ಗಿ ನೋಡಿದ. ಅಲ್ಲಿ ಏನೂ ಇರಲಿಲ್ಲ.

"ಏನಾಯ್ತು ಸರ್?" ಚಕ್ರ ಕೇಳಿದಳು. ಅವನು ಬಿದ್ದ ಕುರ್ಚಿ ಎತ್ತಿ ನಿಲ್ಲಿಸಿದ.

"ನಾನು ಹೇಳ್ಲಾ?" ಎಂದಳು ಗುಡಿಸುವವಳು. "'ಗೆಳೆಯಾ, ನಿನ್ನ ಕಾಲ ಹತ್ರ ವೈರು ಹೊತ್ತಿಕೊಂಡಿದೆ, ಕಾಲು ತೆಗಿಯೋ' ಅಂತ ಕೂಗಿದ್ರು ಅಜ್ಜ. ಪಾಪ, ಎಷ್ಟು ಗಾಬರಿ ಆಗಿದ್ರು."

ಗಾಬರಿ ನಿಜವಾದದ್ದೇ. ಕಾನ್‌ಸ್ಟೇಬಲ್ ಬಂದು ಹೇಳಿದ್ದನ್ನು ಮುದುಕ ನಂಬಿದ್ದ; ಅದು ನಾಟಕವೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಚಕ್ರ ಕುರ್ಚಿಗಳ ಮುಂದೆ ಅತ್ತಿಂದಿತ್ತ ನಡೆಯುತ್ತಲೇ ಬಿಡಿಸಿ ಹೇಳಿದಳು. ಬಲ ಪೆಟ್ಟಿಗೆಯ ಹಲಗೆ ತೆಗೆಸಿ ಅದಲು ಬದಲಾದ ತಂತಿ ತೋರಿಸಿದಳು.

"ನಡುವೆ ಕೂತ ನಿಮಗೆ ಕೇಳಿಸಲಿಲ್ಲ, ಸರಿ. ಎಡಗಡೆ ಇದ್ದವರಿಗೆ ಕೇಳಿಸ್ತು. ಗುಡಿಸೋ ಅಮ್ಮ, ಹಮಾಲಿ, ನಾನು, ಎಲ್ಲರೂ ಎಡಗೈ ಎತ್ತಿದ್ವಿ. ನಮ್ಮ ಮಧ್ಯೆಯೇ ಕೂತು ಎತ್ತದೆ ಇದ್ದವರು ಇವರೊಬ್ಬರೇ. ಕಿವಿ ಮಂದ ಅಂತಾರೆ. ಕಾಲು ಎಳ್ಕೊಳ್ಳೋವಾಗ ಮಂದ ಇರಲಿಲ್ಲ. ಇಲ್ಲಿ ಕೇಳಿಸ್ತಿದೆ ಅಂತ ಒಂದು ಮಾತು ಹೇಳಿದ್ರೆ ಆ ಕ್ಷಣವೇ ಈ ಹುಡುಗಿಗೆ ತಂತಿ ಬದಲಾಗಿದೆ ಅಂತ ಹೊಳೀತಿತ್ತು. ಅದನ್ನ ಮುಚ್ಚಿಡೋ ಅಗತ್ಯ ಇದ್ದದ್ದು ತಂತಿ ಬದಲಿಸಿದವನಿಗೆ ಮಾತ್ರ. ಬೆಳಿಗ್ಗೆ ಕಾವಲು ಕೂತವರೂ ಇವರೇ. ಪೆಟ್ಟಿಗೆ ನಾನೇ ಬಿಚ್ಚಿ ಕಟ್ಟಿಸ್ತೀನಿ ಅಂದವರೂ ಇವರೇ. ಬೇಲಿಯೇ ಎದ್ದು ಹೊಲ ಮೇಯ್ದದ್ದು."

ಮಗಳು ಮೇಜಿನ ತನಕ ನಡೆದು ಬಂದಳು. "ಬೆಸುಗೆ ಹಾಕೋದು ಕಲಿಸಿದ್ದೇ ನೀವು ಚಿಕ್ಕಪ್ಪ. ಯಾಕೆ?"

ಅವನು ಚಾವಣಿಯತ್ತ ಕೈ ತೋರಿಸಿದ.

"ಆ ಕಹಳೆಗಳನ್ನ ಆರಿಸಿದ್ದು ನಾನು. ತಪ್ಪಾಗಿದೆ ಅಂತ ಹಾಕಿದ ವಾರದಲ್ಲೇ ಗೊತ್ತಾಯ್ತು. ಜನ ಬೈದ್ರು. ಮೇಲಿನವರು ಕೇಳಿದ್ರು. ಕಹಳೆ ಸರಿಯಿದೆ, ಕೂಗೋನ ಬಾಯಿ ಸರಿಯಿಲ್ಲ ಅಂದುಬಿಟ್ಟೆ. ನಿಮ್ಮಪ್ಪನ ಮೈಕು ಹೋಯ್ತು. ಅವತ್ತು ಸಂಜೆ ಅವನು ನನ್ನ ಮನೆಗೇ ಬಂದು ಅತ್ತ. ಇವತ್ತು ಅವನ ದನಿ ಚೆನ್ನಾಗಿ ಕೇಳಿಸಿಬಿಟ್ರೆ, ಇಷ್ಟು ವರ್ಷ ಸುಳ್ಳು ಹೇಳಿದವನು ಯಾರು ಅಂತ ಎಲ್ಲರೂ ಕೇಳ್ತಾರೆ. ಇವತ್ತೊಂದು ದಿನ ಕಳೆದ್ರೆ ನಾಳೆಯಿಂದ ದನಿಯೇ ಇರಲ್ಲ, ಕೇಳೋರೂ ಇರಲ್ಲ ಅಂದ್ಕೊಂಡೆ."

ಮಗಳ ಕೈ ಹೊಡೆಯಲೆಂದು ಎದ್ದಿತು. ಹೊಡೆಯದೆ ಇಳಿಯಿತು. ಅವಳು ತಮ್ಮನತ್ತ ತಿರುಗಿದಳು. ತಮ್ಮ ಆಗಲೇ ಬಲ ಪೆಟ್ಟಿಗೆಯ ಹಿಂದೆ ಕೂತು ತಂತಿ ಬಿಚ್ಚುತ್ತಿದ್ದ. ಅವಳು ಹೋಗಿ ಅವನ ಪಕ್ಕದಲ್ಲಿ ಕೂತು, ಅವನ ಕಣ್ಣನ್ನು ತನ್ನ ಸೆರಗಿನಿಂದ ಒರೆಸಿದಳು.

*

"ಪ್ರಯಾಣಿಕರ ಗಮನಕ್ಕೆ."

ಬಯಲಿಗೆ ಬಯಲೇ ತಲೆ ಎತ್ತಿತು. ದನಿ ಮುದಿಯಾಗಿತ್ತು, ಅಂಚಿನಲ್ಲಿ ಒರಟಾಗಿತ್ತು. ಆದರೆ ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗಿತ್ತು. ದೂರದ ಗೇಟಿನ ಬಳಿ ಆಟೋ ತೊಳೆಯುತ್ತಿದ್ದ ಡ್ರೈವರುಗಳೂ ತಿರುಗಿ ನೋಡಿದರು.

"ಉತ್ತರದ ಕಡೆಗೆ ಹೋಗುವ ಗಾಡಿ ಒಂದನೇ ಪ್ಲಾಟ್‌ಫಾರ್ಮಿನ ಬದಲು ಮೂರನೇ ಪ್ಲಾಟ್‌ಫಾರ್ಮಿನಿಂದ ಈಗ ಹೊರಡಲಿದೆ. ಇದನ್ನು ಆಗಲೇ ಕಹಳೆಯಲ್ಲಿ ಹೇಳಲಾಗಿತ್ತು."

"ಅಯ್ಯೋ, ಅದು ನನ್ನ ಗಾಡಿ!" ದೊಡ್ಡ ಸಾಹೇಬರು ಚೀಲ ಎತ್ತಿಕೊಂಡು ಕಿತ್ತರು ಓಟ.

"ಕೇಳಿಸಿದವರು ಎಡಗೈ ಎತ್ತಿ."

ಓಡುತ್ತಲೇ ಸಾಹೇಬರು ಎಡಗೈ ಎತ್ತಿದರು. "ಕಹಳೆ ಕೀಳಿಸಿ!" ಎಂದು ಕೂಗಿ ಮರೆಯಾದರು. ಸಣ್ಣ ಸಾಹೇಬರುಗಳ ಕೈ ಎದ್ದಿತು. ಹಮಾಲಿಯದು, ಡ್ರೈವರುಗಳದು, ಟೇಪು ಹಿಡಿದಿದ್ದ ಕಂಟ್ರಾಕ್ಟರನದೂ ಎದ್ದಿತು. ಗುಡಿಸುವವಳು ಮಾತ್ರ ಬಲಗೈಯಿಂದ ಎಡಗೈಗೆ ಆಸರೆ ಕೊಟ್ಟಳು. ಮಗಳು ಎರಡೂ ಕೈ ಎತ್ತಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ಇಬ್ಬರು ಕಾನ್‌ಸ್ಟೇಬಲ್‌ಗಳ ನಡುವೆ ನಿಂತಿದ್ದ ಚಿಕ್ಕಪ್ಪನ ಎಡಗೈ ಎಲ್ಲರಿಗಿಂತ ಕಡೆಗೆ, ನಿಧಾನವಾಗಿ ಮೇಲೆದ್ದಿತು.

ಕೋಣೆಯ ಕಿಟಕಿಯಲ್ಲಿ ಮುದುಕ ಕಾಣಿಸಿಕೊಂಡ. ಅಷ್ಟೊಂದು ಕೈಗಳ ನಡುವೆ ಗೆಳೆಯನ ಕೈಯನ್ನು ಹುಡುಕಿದ. ಸಿಕ್ಕಿತು. ಕಾಲು ಸುಟ್ಟುಕೊಂಡಿಲ್ಲವಲ್ಲ ಎಂಬ ಸಮಾಧಾನ ಮುಖದ ತುಂಬ ಹರಡಿತು. ಅವನೂ ಕೈ ಬೀಸಿದ.

"ಇವತ್ತು ಅಪ್ಪನಿಗೆ ಹೇಳಬೇಡಿ ಮೇಡಂ," ಎಂದಳು ಮಗಳು. "ಆಪರೇಷನ್ ಮುಗೀಲಿ."

ಚಕ್ರ ಹೂಂ ಎಂದಳು. ಮುದುಕ ಕೈ ಇಳಿಸುವ ತನಕ ಅವಳು ನಿಂತಲ್ಲೇ ನಿಂತಿದ್ದಳು. ಆಮೇಲೆ ಕಾನ್‌ಸ್ಟೇಬಲ್‌ಗಳಿಗೆ ಚಿಕ್ಕಪ್ಪನನ್ನು ಹಿಂದಿನ ಗೇಟಿನಿಂದ ಕರೆದುಕೊಂಡು ಹೋಗಲು ಹೇಳಿದಳು.