ಬಿಳಿ ಬೇರಿನ ಸಾಕ್ಷಿ

ಬೆಳಿಗ್ಗೆ ಒಂಬತ್ತಕ್ಕೆ ಠಾಣೆಯ ಮೇಜಿನ ಮೇಲೆ ಎಲೆಕೋಸಿನ ಗಿಡವೊಂದು ಬೇರುಸಹಿತ ಬಂದು ಬಿತ್ತು. ಎಲೆ ಬಾಡಿತ್ತು, ಬೇರು ಗಂಟುಗಂಟಾಗಿ ಊದಿಕೊಂಡಿತ್ತು.

"ಔಷಧಿ ಅಂಗಡಿಯವನು ನಕಲಿ ಮಾಲು ಕೊಟ್ಟಿದಾನೆ ಸಾರ್. ಒಳಗೆ ಹಾಕಿ ಅವನನ್ನ," ಎಂದ ದೂರು ತಂದ ರೈತ.

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ ಅಂಗಡಿಯವನನ್ನು ಕರೆಸಿದರು. ಲೈಸೆನ್ಸ್ ಹೋದರೆ ಆತನ ಸಂಸಾರ ಬೀದಿಗೆ ಬೀಳುತ್ತಿತ್ತು. ಬೆಂಚಿನ ತುದಿಯಲ್ಲಿ ಕುಳಿತು ಅವನು ಬೆವರಿದ್ದೇ ಬೆವರಿದ್ದು.

ಹನ್ನೊಂದಕ್ಕೆ ಹೊಲದಲ್ಲಿ ಪಂಚನಾಮೆ. ಜೊತೆಗೆ ಬಂದ ಕೃಷಿ ಅಧಿಕಾರಿಯಮ್ಮ ಎರಡು ಗಿಡ ಕಿತ್ತು ನೋಡಿದರು. "ಮಣ್ಣಲ್ಲೇ ವರ್ಷಗಟ್ಟಲೆ ಮಲಗಿರೋ ರೋಗ ಇದು. ನಾಟಿ ಮಾಡುವಾಗಲೇ ಬುಡಕ್ಕೆ ಶಿಲೀಂಧ್ರನಾಶಕ ಹುಯ್ಯಬೇಕು. ಆಮೇಲೆ ಹುಯ್ದರೆ ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ."

"ಹುಯ್ದಿದ್ದೆ ಮೇಡಂ, ನಾಟಿ ದಿನಾನೇ," ಎಂದ ರೈತ.

"ಅಲ್ಲಿವರೆಗೆ ಡಬ್ಬ ಎಲ್ಲಿತ್ತು?" ಇನ್‌ಸ್ಪೆಕ್ಟರ್ ಕೇಳಿದರು.

"ಸಾಮಾನು ಕೋಣೇಲಿ. ಅಣ್ಣಂಗೂ ನಂಗೂ ಅದೊಂದೇ."

ಖಾಲಿ ಡಬ್ಬ ಇನ್ನೂ ಅಲ್ಲೇ ಬಿದ್ದಿತ್ತು. ಕಾನ್‌ಸ್ಟೇಬಲ್ ತಳವನ್ನು ಕೆರೆದು ನೋಡಿ ನಕ್ಕ. "ಇದು ಮೈದಾ ಅಂಟು ಸಾರ್. ಪೋಸ್ಟರ್ ಅಂಟಿಸಬಹುದು, ರೋಗ ಓಡಿಸೋಕಾಗಲ್ಲ."

ಹಿಟ್ಟು ಬೆರೆಸಿದ್ದು ಅಂಗಡಿಯಲ್ಲೋ, ಕೋಣೆಯಲ್ಲೋ? ಇನ್‌ಸ್ಪೆಕ್ಟರ್ ಬದು ದಾಟಿ ಅಣ್ಣನ ಹೊಲಕ್ಕೆ ಕಾಲಿಟ್ಟರು. ತಮ್ಮನದಕ್ಕಿಂತ ಸಣ್ಣ ಹೊಲ. ಕಾಲುವೆ ಒಂದೇ, ಮಣ್ಣೂ ಒಂದೇ.

"ನೀವೇನು ಔಷಧಿ ಹಾಕಿದ್ರಿ?"

"ಏನೂ ಇಲ್ಲ ಸಾರ್. ಎಲ್ಲಾ ದೇವರ ದಯೆ," ಎಂದ ಅಣ್ಣ.

ಅಧಿಕಾರಿಯಮ್ಮ ಅಲ್ಲೂ ಒಂದು ಗಿಡ ಕಿತ್ತರು. ಬೇರು ಬೆಳ್ಳಗಿತ್ತು, ಒಂದು ಗಂಟೂ ಇರಲಿಲ್ಲ. ಆದರೆ ಗಿಡ ಕುಳ್ಳಗೆ ಉಳಿದಿತ್ತು, ಎಲೆಯಂಚು ಹಳದಿ.

"ಈ ಮಣ್ಣಲ್ಲಿ ಔಷಧಿ ಇಲ್ಲದೆ ಬೇರು ಹೀಗಿರಲ್ಲ," ಎಂದರು ಆಕೆ. "ಅದೂ ಅಳತೆ ಮೀರಿ ಬಿದ್ದಿದೆ. ದೊಡ್ಡ ಹೊಲದ್ದು ಪೂರ್ತಿ ಈ ಸಣ್ಣ ಹೊಲಕ್ಕೆ."

ಮೂರನೇ ದಿನ ಪ್ರಯೋಗಾಲಯದ ವರದಿಯೂ ಅದನ್ನೇ ಹೇಳಿತು: ಡಬ್ಬದಲ್ಲಿ ಹಿಟ್ಟು, ಅಣ್ಣನ ಮಣ್ಣಿನಲ್ಲಿ ಔಷಧಿ. ಅಂಗಡಿಯವನು ಇನ್‌ಸ್ಪೆಕ್ಟರಿಗೆ ನಾಲ್ಕು ಸಲ ಕೈಮುಗಿದು ಮನೆಗೆ ಓಡಿದ. ಸಂಜೆ ಐದಕ್ಕೆ ಅಣ್ಣನ ಬಂಧನವಾಯಿತು.

"ಕದ್ದಿದ್ದನ್ನ ಚರಂಡಿಗೆ ಚೆಲ್ಲಿದ್ರೆ ಸಿಕ್ಕಿಬೀಳ್ತಿರಲಿಲ್ಲವಲ್ಲಯ್ಯಾ?"

"ಒಳ್ಳೆ ಔಷಧಿ ಸಾರ್. ಚೆಲ್ಲೋಕೆ ಮನಸ್ಸು ಬರಲಿಲ್ಲ."

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬುದು ಇನ್‌ಸ್ಪೆಕ್ಟರಿಗೆ ಹೊಸದಲ್ಲ. ಆಸ್ತಿಯ ಜಗಳವೇ ಇರಬೇಕೆಂದುಕೊಂಡು ಕಾರಣ ಕೇಳಿದರು.

"ಅಪ್ಪ ದಿನಾ ನನ್ನ ಹೊಲ ದಾಟಿ ಅವನ ಕೋಸು ನೋಡೋಕೆ ಹೋಗ್ತಿದ್ರು. ನನ್ನ ಹತ್ರ ಒಂದು ದಿನಾನೂ ನಿಲ್ಲಲಿಲ್ಲ. ಹೊಟ್ಟೆ ಉರೀತು ಸಾರ್. ಅವನದು ಒಣಗಿದ್ರೆ ನಿಲ್ತಾರೆ ಅಂದ್ಕೊಂಡೆ."

"ನಿಂತರಾ?"

"ನಿಂತರು. ನನ್ನ ಬದುವಿನ ಮೇಲೆ ಕೂತ್ಕೊಂಡು ಅವನಿಗೋಸ್ಕರ ಅತ್ತರು."

ಇನ್‌ಸ್ಪೆಕ್ಟರಿಗೆ ಅಯ್ಯೋ ಎನಿಸಿತು. ಆ ಮಾತನ್ನು ಹೇಳಿಕೆಯಲ್ಲಿ ಬರೆಸದೆ ಸಹಿ ಹಾಕಿದರು.