ಚಾವಿ ಬೇಡದ ವಾಚು

"ಇದು ಬ್ಯಾಡ್ರಿ. ಇದರಾಗ ಸೆಕೆಂಡ್ ಮುಳ್ಳಽ ಇಲ್ಲ," ಎಂದಳು ಶೀತಲ.

ಮಡಿವಾಳೆಪ್ಪ ನಕ್ಕು, ಬಂಗಾರದ ಬಣ್ಣದ ವಾಚನ್ನು ಮತ್ತೆ ಗಾಜಿನ ಪೆಟ್ಟಿಗೆಯೊಳಗೆ ಇಟ್ಟ. "ನೋಡ್ರಿ ನರ್ಸಬಾಯಾರ, ನಿಮ್ಮ ಮಗಳ ಕಣ್ಣು ಭಾಳ ಚುರುಕ ಅದಾವು. ನಾಳೆ ನನ್ನ ಅಂಗಡೀನ ಆಕಿ ಕೈಯಾಗ ಕೊಟ್ಟು ನಾ ಮನ್ಯಾಗ ಮಲಕೋತೇನಿ."

"ಆಕಿನಽ ಆರಸ್ಲಿ ಬಿಡ್ರಿ," ಎಂದಳು ಅವ್ವ. "ನನ್ನ ವಾಚಿನ ಯಜಮಾನ್ತಿ ಆಕಿ."

ಶೀತಲ ಇನ್ನಷ್ಟು ನೆಟ್ಟಗೆ ನಿಂತಳು. ಅವ್ವನ ಜೊತೆ ಬೈಲಹೊಂಗಲದ ಬಜಾರಕ್ಕೆ ಬಂದು ಎರಡು ತಿಂಗಳಾಗಿತ್ತು. ಇವತ್ತು ಭಾನುವಾರ, ಅವ್ವ ಬಂದಿದ್ದಾಳೆ, ಅದೂ ವಾಚು ಆರಿಸುವ ಕೆಲಸವನ್ನು ಅವಳಿಗೇ ಬಿಟ್ಟಿದ್ದಾಳೆ! ಅವಸರ ಮಾಡಬಾರದು ಎಂದುಕೊಂಡಳು.

"ಡಿಜಿಟಲ್ ನೋಡ್ತೀಯೇನವಾ? ಈ ಗುಂಡಿ ಒತ್ತಿದ್ರ ಒಳಗ ಲೈಟ್ ಹತ್ತತೈತಿ."

ಶೀತಲ ಒತ್ತಿ ನೋಡಿದಳು. ಹಸಿರು ಬೆಳಕು ಫಕ್ಕನೆ ಹತ್ತಿತು. ಅವಳ ಕ್ಲಾಸಿನ ರಾಣಿಯ ಅಣ್ಣನ ಹತ್ತಿರ ಇಂಥದೇ ಇತ್ತು. ಮತ್ತೊಮ್ಮೆ ಒತ್ತಿದಳು. ಮೂರನೇ ಸಲವೂ ಒತ್ತಿ, ತಿರುಗಿ ಕೊಟ್ಟಳು. "ಅವ್ವಗ ಮುಳ್ಳಿಂದಽ ಬೇಕ್ರಿ."

ಒಂದಕ್ಕೆ ಅಂಕಿಗಳೇ ಇರಲಿಲ್ಲ, ಬರೀ ಚುಕ್ಕಿ. ಇನ್ನೊಂದರ ಡಯಲು ಕರ್ರಗಿತ್ತು, ಸಂಜೆಯ ಹೊತ್ತು ಕಾಣುವಂತಿರಲಿಲ್ಲ. ಮೂರನೆಯದು ಅವ್ವನ ತೆಳ್ಳನೆಯ ಕೈಗೆ ತಟ್ಟೆ ಕಟ್ಟಿದಂತೆ ಕಂಡಿತು. ಕೊನೆಗೆ ಸಿಕ್ಕಿತು: ಬಿಳಿ ಡಯಲು, ದಪ್ಪ ಅಂಕಿಗಳು, ಕೆಂಪು ಸೆಕೆಂಡ್ ಮುಳ್ಳು, ಸ್ಟೀಲ್ ಚೈನು.

"ಹಾಂ, ಇದು ಕ್ವಾರ್ಟ್ಜ್," ಎಂದ ಮಡಿವಾಳೆಪ್ಪ. "ಚಾವಿ ಕೊಡೂದಿಲ್ಲ, ಏನಿಲ್ಲ. ಒಂದು ಸೆಲ್ ಹಾಕಿದ್ರ ಎರಡು ವರ್ಷ ಆರಾಮ. ಟೈಮ್ ಹಚ್ಚೂದಿದ್ರಽ ಅಷ್ಟ ಈ ಬದೀಗಿನ ಗುಂಡಿ ಹೊರಗ ಜಗ್ರಿ. ಜಗ್ಗಿದ್ರ ವಾಚು ನಿಂದ್ರತೈತಿ, ಒತ್ತಿದ್ರ ನಡೀತೈತಿ."

ಕೆಂಪು ಮುಳ್ಳು ಟಕ್ ಟಕ್ ಎಂದು ಒಂದೊಂದೇ ಹೆಜ್ಜೆ ಇಡುತ್ತಿತ್ತು. ಅವ್ವನ ಹಳೆಯ ವಾಚಿನ ಮುಳ್ಳು ಹೀಗಲ್ಲ, ನೀರಿನ ಮೇಲೆ ಜಾರಿದಂತೆ ಜಾರುತ್ತಿತ್ತು. ಆದರೆ ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುತ್ತಿತ್ತು. ಎರಡು ಸಲ ರಿಪೇರಿ ಮಾಡಿಸಿದರೂ ಬೀಳುವುದು ಬಿಟ್ಟಿರಲಿಲ್ಲ.

"ಹಳೇದು ನನ್ನ ಹತ್ರ ಬಿಟ್ಟು ಹೋಗ್ರಿ, ಸ್ಪೇರ್ ಪಾರ್ಟಿಗಾದ್ರೂ ಬರತೈತಿ. ರೇಟಿನ್ಯಾಗ ಕಡಿಮಿ ಮಾಡತೇನಿ."

ಅವ್ವ ಬಿಚ್ಚಿ ಕೊಟ್ಟಳು. ಶೀತಲ ಹೊಸದನ್ನು ನೋಡುವುದರಲ್ಲೇ ಇದ್ದಳು. ಹಳೆಯದು ಯಾವ ಡಬ್ಬಿಗೆ ಬಿತ್ತು ಎಂದು ತಿರುಗಿಯೂ ನೋಡಲಿಲ್ಲ.

*

ಸೋಮವಾರ ಬೆಳಿಗ್ಗೆ ಎಂದಿನಂತೆ ಶೀತಲ ಹೊಸ್ತಿಲ ಹತ್ತಿರ ಹೋಗಿ ಕುಳಿತಳು.

ದಿನಾ ಅದು ಅವಳ ಕೆಲಸವಾಗಿತ್ತು. ಅವ್ವ ರೊಟ್ಟಿ ಬಡಿದು, ಡಬ್ಬಿ ಕಟ್ಟಿ, ಬಿಳಿ ಸೀರೆ ಉಟ್ಟು, ಬಸ್ಸಿಗೆ ಹೊರಡುವ ಮೊದಲು ಹೊಸ್ತಿಲಲ್ಲಿ ಕೂರುತ್ತಿದ್ದಳು. ಎಡಗೈಯನ್ನು ಮಗಳ ತೊಡೆಯ ಮೇಲೆ ಇಡುತ್ತಿದ್ದಳು. ಶೀತಲ ವಾಚಿಗೆ ಇಪ್ಪತ್ತು ಸುತ್ತು ಚಾವಿ ಕೊಡುವಳು, ಮುಳ್ಳನ್ನು ಹತ್ತು ನಿಮಿಷ ಮುಂದೆ ತಿರುಗಿಸುವಳು, ಪಟ್ಟಿಯನ್ನು ಮೂರನೆಯ ತೂತಿಗೆ ಹಾಕಿ ಕಟ್ಟುವಳು. ಅಷ್ಟರೊಳಗೆ ರಾಣಿ ಪೆನ್ಸಿಲ್ ಮುರಿದದ್ದು, ಶಾಲೆಯ ಬಾಯಾರು ಬೈದದ್ದು, ಎಲ್ಲವನ್ನೂ ಹೇಳಿ ಮುಗಿಸುವಳು. ಸುತ್ತು ಬೇಗ ಮುಗಿದು ಮಾತು ಉಳಿದರೆ, ಪಟ್ಟಿ ಕಟ್ಟುವುದನ್ನು ನಿಧಾನ ಮಾಡುವಳು. ಇಡೀ ದಿನದಲ್ಲಿ ಅವ್ವ ಏನೂ ಕೆಲಸ ಮಾಡದೆ ಕೂರುತ್ತಿದ್ದುದು ಅಷ್ಟು ಹೊತ್ತು ಮಾತ್ರ.

"ಅವ್ವಾ, ಬಾ. ವಾಚು!"

"ಕಟ್ಕೊಂಡೆ ಮಗಳಾ," ಎಂದು ಅವ್ವ ಕೈ ಎತ್ತಿ ತೋರಿಸಿದಳು. ಸ್ಟೀಲ್ ಚೈನು ಥಳಥಳ ಎಂದಿತು. "ಇನ್ನ ನಿನಗೂ ತ್ರಾಸ ಇಲ್ಲ, ನನಗೂ ಇಲ್ಲ. ಕೀಲಿ ಕೊರಳಾಗ ಹಾಕ್ಕೊ. ಸಾಲಿಯಿಂದ ಬಂದ ಕೂಡ್ಲೆ ಹಾಲು ಕುಡಿ." ಚಪ್ಪಲಿಯ ಸದ್ದು ಓಣಿಯ ತುದಿಗೆ ಹೋಗಿ ನಿಂತುಹೋಯಿತು.

ಶೀತಲ ಹೊಸ್ತಿಲ ಮೇಲೆ ಇನ್ನೂ ಸ್ವಲ್ಪ ಹೊತ್ತು ಕುಳಿತಿದ್ದಳು.

ಅಪ್ಪ ಲಾರಿಯ ಮೇಲೆ ಇರುತ್ತಿದ್ದ. ತಿಂಗಳಿಗೊಮ್ಮೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಸಂಜೆ ಶಾಲೆಯಿಂದ ಬಂದು ಕೀಲಿ ತೆಗೆದರೆ ಮನೆ ತಣ್ಣಗೆ ಇರುತ್ತಿತ್ತು. ಬೆಳಿಗ್ಗೆ ಇಟ್ಟ ಚರಿಗೆ ಇಟ್ಟಲ್ಲೇ, ಬಿಟ್ಟ ಪುಸ್ತಕ ಬಿಟ್ಟಲ್ಲೇ. ಕಟ್ಟೆಯ ಮೇಲೆ ಕುಳಿತು ಅವಳು ದಾರಿ ನೋಡುವಳು. ಅವ್ವ ಬರುವುದು ಏಳಕ್ಕೆ. ಬಂದು ಒಲೆ ಹಚ್ಚಿ, ಉಣ್ಣಿಸಿ, ದವಾಖಾನೆಯ ರಜಿಸ್ಟರು ತೆಗೆದು ಬರೆಯಲು ಕೂರುವಳು. ಆ ಸೋಮವಾರವೂ ಹಾಗೇ ಕುಳಿತಳು.

"ಅವ್ವಾ, ಇವತ್ತ ಆಟದಾಗ ನನ್ನ ಯಾರೂ ಕರೀಲಿಲ್ಲ."

"ಹೂಂ."

"ಗುಂಪಿನ್ಯಾಗ ಒಬ್ಬಾಕಿ ಹೆಚ್ಚಾಗ್ತಾಳ ಅಂದ್ರು."

"ಹೂಂ... ಹೌದನು..." ಅವ್ವನ ಪೆನ್ನು ರಜಿಸ್ಟರಿನ ಮೇಲೆ ಓರೆಯಾಗಿ ನಿಂತಿತ್ತು. ಕುಳಿತಲ್ಲೇ ನಿದ್ದೆ ಹತ್ತಿತ್ತು.

ಮಂಗಳವಾರ ಹಾಗೇ ಆಯಿತು. ಬುಧವಾರವೂ ಹಾಗೇ.

*

ಗುರುವಾರ ಮಕ್ಕಳಿಗೆ ಇಂಜೆಕ್ಷನ್ ಕೊಡುವ ದಿನ. ಮುರಗೋಡದ ಆಚೆ ಒಂದು ಸಣ್ಣ ಊರಿನ ದವಾಖಾನೆಯಲ್ಲಿ ಅವ್ವನ ಡ್ಯೂಟಿ. ಏಳೂವರೆಯ ಬಸ್ಸು ತಪ್ಪಿದರೆ ಮತ್ತೆ ಒಂಬತ್ತಕ್ಕೇ.

ಅವ್ವ ಬಚ್ಚಲಲ್ಲಿದ್ದಳು. ವಾಚು ಗೋಡೆಯ ಗೂಡಿನಲ್ಲಿತ್ತು. ಶೀತಲ ಅದನ್ನು ಎತ್ತಿಕೊಂಡಳು. ಗುಂಡಿಯನ್ನು ತಿರುಗಿಸಿದಳು. ಹಳೆಯ ವಾಚಿನ ಹಾಗೆ ಕಿರ್ ಕಿರ್ ಅನ್ನಲಿಲ್ಲ, ಬರಿದೇ ತಿರುಗಿತು. ಉಗುರಿನಿಂದ ಮೆಲ್ಲಗೆ ಹೊರಗೆ ಎಳೆದಳು. ಕೆಂಪು ಮುಳ್ಳು ಹೆಜ್ಜೆ ಇಡುವುದನ್ನು ನಿಲ್ಲಿಸಿತು. ಏಳು ಹೊಡೆಯಲು ಐದು ನಿಮಿಷ ಇತ್ತು.

ಅವ್ವ ನೋಡುತ್ತಾಳೆ. 'ಶೀತಲಾ, ವಾಚು ನಿಂತೈತಿ, ನೋಡವಾ' ಎಂದು ಕರೆಯುತ್ತಾಳೆ. ಹೊಸ್ತಿಲಲ್ಲಿ ಕೂರುತ್ತಾಳೆ. ಆಗ ಗುಂಡಿ ಒತ್ತಿ ಸರಿಮಾಡಿ ಕೊಟ್ಟರಾಯಿತು. ಶೀತಲ ಅಂದುಕೊಂಡದ್ದು ಇಷ್ಟೇ.

ಅವ್ವ ಬಂದಳು, ವಾಚು ಕಟ್ಟಿಕೊಂಡಳು, ನೋಡಿದಳು. "ಅಯ್ಯ, ಇನ್ನೂ ಏಳಽ ಆಗಿಲ್ಲ! ಬಾ, ನಿನ್ನ ಹೆರಳರ ಹಾಕತೇನಿ. ದಿನಾ ಬಾಜೂ ಮನಿ ಮಾಯವ್ವನ ಕಡೆ ಹಾಕಿಸ್ಕೊತೀ, ಆಕಿ ಏನ ಅನಕೊಂಡಾಳು."

ಈಗ ಹೇಳಬೇಕು ಎಂದುಕೊಂಡಳು ಶೀತಲ. ಅಷ್ಟರಲ್ಲಿ ಅವ್ವನ ಬೆರಳು ಅವಳ ಕೂದಲೊಳಗೆ ಆಡತೊಡಗಿತ್ತು.

"ಎಷ್ಟ ಸಿಕ್ಕು! ಒಳಗ ಗುಬ್ಬಿ ಏನರ ಗೂಡು ಕಟ್ಟೇತೇನ?"

ಶೀತಲ ನಕ್ಕಳು. ಅವ್ವನೂ ನಕ್ಕಳು. ಎರಡು ಹೆರಳು, ಎರಡಕ್ಕೂ ಕೆಂಪು ರಿಬ್ಬನ್ನು. ಆಟದಲ್ಲಿ ಕರೆಯದ ಕತೆಯನ್ನು ಶೀತಲ ಮೊದಲಿಂದ ಹೇಳಿದಳು. ಅವ್ವ ಎಲ್ಲವನ್ನೂ ಕೇಳಿದಳು. ಮಧ್ಯೆ ಒಮ್ಮೆ ವಾಚು ನೋಡಿಕೊಂಡು, "ಇವತ್ತ ಟೈಮ್ ಅನ್ನೂದು ಓಡವಲ್ದು ನೋಡು," ಎಂದಳು. ಶೀತಲ ಗುಂಡಿಯ ಮಾತು ಬಿಟ್ಟು ಕತೆಯನ್ನೇ ಮುಂದುವರಿಸಿದಳು.

ಅವ್ವ ಹೋದ ಮೇಲೆ ಮನೆ ಒಮ್ಮೆಲೇ ತಣ್ಣಗಾಯಿತು. ಹೊರಗೆ ಮಾಯವ್ವ ಯಾರಿಗೋ, "ಏಳೂವರಿ ಆಗಿ ಹೋತು, ನಳ ಇನ್ನೂ ಬಂದಿಲ್ಲ!" ಎಂದು ಕೂಗುತ್ತಿದ್ದಳು.

ಶೀತಲ ಬಾಗಿಲಿಗೆ ಕೀಲಿ ಹಾಕಿ ಓಡಿದಳು.

*

ಬಸ್‌ಸ್ಟ್ಯಾಂಡಿನಲ್ಲಿ ಅವ್ವ ಒಬ್ಬಳೇ ನಿಂತಿದ್ದಳು. ಬಸ್ಸು ಹೋಗಿತ್ತು. ಅವ್ವ ವಾಚನ್ನು ಕಿವಿಗೆ ಹಿಡಿಯುವಳು, ಅಲ್ಲಾಡಿಸುವಳು, ಮತ್ತೆ ಕಿವಿಗೆ ಹಿಡಿಯುವಳು.

"ನೋಡು, ನಾಕು ದಿನಾ ಆಗಿಲ್ಲ, ಕೆಟ್ಟು ನಿಂತೈತಿ! ಆ ಮಡಿವಾಳೆಪ್ಪನ್ನ ಹೋಗಿ ಕೇಳತೇನಿ. ಅಲ್ಲಿ ಕೂಸುಗೊಳ್ನ ಕಟಗೊಂಡು ಕುಂತಿರತಾರ..." ಅವಳು ಅಲ್ಲಿಗೇ ನಿಲ್ಲಿಸಿದಳು. "ನೀ ಯಾಕ ಬಂದಿ?"

"ಅದು ಕೆಟ್ಟಿಲ್ಲವ್ವಾ." ಶೀತಲ ಏದುಸಿರು ಬಿಡುತ್ತಿದ್ದಳು. "ನಾನಽ ಗುಂಡಿ ಜಗ್ಗಿದ್ದೆ."

ಅವ್ವ ಅವಳನ್ನು ನೋಡಿದಳು. ವಾಚು ನೋಡಿದಳು. ಹೆಬ್ಬೆರಳಿನಿಂದ ಗುಂಡಿಯನ್ನು ಒತ್ತಿದಳು. ಮುಳ್ಳು ನಡೆಯಿತು.

ಬೈಯುತ್ತಾಳೆ ಎಂದು ಶೀತಲ ಕಾದಳು. ಅವ್ವ ಬೈಯಲಿಲ್ಲ. ಮುರಗೋಡದ ಕಡೆ ಹೊರಟಿದ್ದ ಟೆಂಪೊ ಒಂದಕ್ಕೆ ಕೈ ಮಾಡಿದಳು. "ಹತ್ತು," ಎಂದಳು. "ಸಾಲಿ ಇವತ್ತ ಇರಲಿ. ಒಬ್ಬಾಕಿನ್ನ ತಿರುಗಿ ಕಳಸಾಂಗಿಲ್ಲ, ಮನಿಗೆ ಬಿಟ್ಟು ಬರಾಕ ಈಗ ಟೈಮ್ ಇಲ್ಲ."

ದಾರಿಯುದ್ದಕ್ಕೂ ಅವ್ವ ಹೊರಗೇ ನೋಡುತ್ತ ಕುಳಿತಿದ್ದಳು. ಹೊಲಗಳು ಹಿಂದೆ ಓಡುತ್ತಿದ್ದವು. ಅವ್ವನ ಮೊಣಕೈ ಶೀತಲಳಿಗೆ ತಾಗುತ್ತಿತ್ತು. ಅಷ್ಟು ಹತ್ತಿರ ಕುಳಿತರೂ, ಸಂಜೆ ಕಟ್ಟೆಯ ಮೇಲೆ ಒಬ್ಬಳೇ ಕೂರುವುದಕ್ಕಿಂತ ದೂರ ಕುಳಿತಂತೆ ಆಯಿತು.

*

ದವಾಖಾನೆಯ ಮುಂದೆ ಕೂಸುಗಳನ್ನು ಎತ್ತಿಕೊಂಡ ಹೆಣ್ಣುಮಕ್ಕಳ ಸಾಲು ಇತ್ತು.

"ಬಂದ್ರಿ ಬಾಯಾರ?" ಎಂದಳು ಕಸ ಹೊಡೆಯುವ ಇಂದ್ರವ್ವ. "ಮೂರು ಮಂದಿ ಕಾದು ಕಾದು ಹೊಲಕ್ಕ ಹೋದ್ರು ನೋಡ್ರಿ. ಇನ್ನ ಅವರು ಬರೂದು ಸಂಜಿಕಿನಽ."

"ಇರಲಿ. ನಾನಽ ಸಂಜಿಕಿ ಅವರ ಮನಿಗೆ ಹೋಗಿ ಕೊಟ್ಟು ಬರತೇನಿ."

ಹಾಗಾದರೆ ಇವತ್ತು ಮನೆಗೆ ಹೋಗುವುದು ಇನ್ನೂ ತಡ. ಶೀತಲ ಮೂಲೆಯ ಬೆಂಚಿನ ಮೇಲೆ ಮುದುಡಿ ಕುಳಿತಳು.

ಕೂಸುಗಳು ಕಿರುಚಿದವು. ಒಂದು ಕೂಸು ಅವ್ವನ ಸೀರೆಯ ಮೇಲೇ ಉಚ್ಚೆ ಹೊಯ್ದಿತು. ಅವ್ವ, "ಇದು ನನಗ ಪಗಾರದ ಜೋಡಿ ಬರೂದು," ಎಂದು ನಕ್ಕಳು. ಸಾಲಿನವರೆಲ್ಲ ನಕ್ಕರು. ಮನೆಯಲ್ಲಿ ಪೆನ್ನು ಹಿಡಿದು ನಿದ್ದೆ ಹೋಗುವ ಅವ್ವ ಇವಳೇ ಏನು ಎನಿಸಿತು ಶೀತಲಳಿಗೆ. ಜ್ವರ ಬಂದವರು, ಬಸುರಿಯರು ಬಂದರು. ಅವ್ವ ಒಬ್ಬೊಬ್ಬರ ಮಣಿಕಟ್ಟು ಹಿಡಿದು, ಕೆಂಪು ಮುಳ್ಳು ನೋಡುತ್ತ ನಾಡಿ ಎಣಿಸುತ್ತಿದ್ದಳು. ಸುತ್ತಲೂ ಅಷ್ಟು ಗದ್ದಲ, ಅಳು. ಆದರೆ ಅವ್ವನ ಎಣಿಕೆ ಒಮ್ಮೆಯೂ ತಪ್ಪಲಿಲ್ಲ.

ಎಲ್ಲರ ಹಿಂದೆ ಕಾಡವ್ವ ಎಂಬ ಮುದುಕಿ ಬಂದಳು. ಬಂದು ಸ್ಟೂಲಿನ ಮೇಲೆ ಕುಳಿತು, ಕೇಳುವ ಮೊದಲೇ ಕೈ ಚಾಚಿದಳು.

"ಏನಾಗೇತಬೇ?"

"ಏನಿಲ್ಲ. ನೋಡು ಒಂದೀಟ."

ಅವ್ವ ಎಣಿಸಿದಳು. ಮುದುಕಿ ಎಮ್ಮೆ ಹಾಲು ಕಡಿಮೆ ಮಾಡಿದ್ದನ್ನೂ, ಮನೆಯ ಹಿಂದೆ ಬೆಕ್ಕು ಮರಿ ಹಾಕಿದ್ದನ್ನೂ ಹೇಳಿದಳು. ಅವ್ವ ಕೈ ಬಿಟ್ಟು, "ಗಟ್ಟಿ ಅದೀ ಬಿಡು," ಎಂದಳು. ಕಾಡವ್ವ ಸೆರಗು ಸರಿಮಾಡಿಕೊಂಡು ಹೋದಳು. ಬಂದಾಗಿಗಿಂತ ನೆಟ್ಟಗೆ ನಡೆಯುತ್ತಿದ್ದಳು.

"ಆ ಅಜ್ಜಿಗೆ ಏನ ಜಡ್ಡವ್ವಾ?" ದವಾಖಾನೆಗೆ ಬಂದ ಮೇಲೆ ಶೀತಲ ಆಡಿದ ಮೊದಲ ಮಾತು ಅದು.

"ಏನೂ ಇಲ್ಲ." ಅವ್ವ ಸಿರಿಂಜುಗಳನ್ನು ಡಬ್ಬಿಗೆ ತುಂಬುತ್ತಿದ್ದಳು. "ಮನ್ಯಾಗ ಒಬ್ಬಾಕಿನಽ ಇರತಾಳ. ವಾರಕ್ಕೊಮ್ಮೆ ಬರತಾಳ, ಕೈ ಹಿಡಿಸ್ಕೊಂಡು ಹೋಗತಾಳ."

ಅಂಗಳ ಖಾಲಿಯಾಗಿತ್ತು. ಇಂದ್ರವ್ವ ನೀರು ತರಲು ಹೋಗಿದ್ದಳು. ಅವ್ವ ಚೀಲ ಹೆಗಲಿಗೆ ಹಾಕಿಕೊಂಡಳು. ಇನ್ನು ಆ ಮೂರು ಮನೆಗಳು ಇದ್ದವು.

ಶೀತಲ ಬೆಂಚಿನಿಂದ ಎದ್ದು ಬಂದಳು. ಕಾಡವ್ವ ಕುಳಿತ ಸ್ಟೂಲಿನ ಮೇಲೆ ಕುಳಿತು, ಕೈ ಚಾಚಿದಳು.

"ನಂದೂ ನೋಡವ್ವಾ."

"ಯಾಕ? ನಿನಗೇನಾಗೇತಿ?"

"ಏನಿಲ್ಲ."

ಅವ್ವ ಹಾಗೇ ನಿಂತಳು. ಮಗಳ ಕೆಂಪು ರಿಬ್ಬನ್ನುಗಳನ್ನು ನೋಡಿದಳು. ಆಮೇಲೆ ಹೆಗಲ ಚೀಲವನ್ನು ಇಳಿಸಿ ನೆಲದ ಮೇಲೆ ಇಟ್ಟಳು. ಎದುರಿಗೆ ಕುಳಿತು, ಶೀತಲಳ ಮಣಿಕಟ್ಟು ಹಿಡಿದಳು.

ಅವ್ವನ ಬೆರಳುಗಳು ಒರಟಾಗಿದ್ದವು, ಬೆಚ್ಚಗಿದ್ದವು. ಹತ್ತಿರದಿಂದ ನೋಡಿದರೆ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಬೆಳಗಿನಿಂದ ಅವಳು ರೊಟ್ಟಿಯ ಡಬ್ಬಿಯನ್ನೂ ಬಿಚ್ಚಿರಲಿಲ್ಲ. ಕೆಂಪು ಮುಳ್ಳು ಒಂದು ಸುತ್ತು ಮುಗಿಸಿತು.

"ಎಷ್ಟ ಬಂತವ್ವಾ?"

"ಲೆಕ್ಕ ತಪ್ಪಿತು," ಎಂದಳು ಅವ್ವ. "ಸುಮ್ಮ ಕುಂದ್ರು, ಇನ್ನೊಮ್ಮೆ ಎಣಸ್ತೇನಿ."

ದವಾಖಾನೆಯಲ್ಲಿ ಈಗ ಒಂದು ಕೂಸೂ ಅಳುತ್ತಿರಲಿಲ್ಲ. ಯಾರೂ ಮಾತಾಡುತ್ತಿರಲಿಲ್ಲ. ಶೀತಲ ಅವ್ವನ ಮುಖ ನೋಡಿದಳು. ಅವ್ವ ವಾಚು ನೋಡುತ್ತಿರಲಿಲ್ಲ.

ಶೀತಲ ಕೈ ಅಲ್ಲಾಡಿಸದೆ ಕುಳಿತಳು.