ಇಪ್ಪತ್ಮೂರು ಕೊಂಡೋರ್‌ಗಳ ಪಂಚನಾಮೆ

ಆಗಸ್ಟ್ ಹದಿನಾಲ್ಕು, ಬುಧವಾರ. ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ಎಫ್ರಾಸಿಯಾ ಕಾರಿ ಎಂಬ ಅರವತ್ತೆಂಟರ ಕುರಿಗಾಹಿ ಹೆಂಗಸು ಲಾ ಹೊಯಾದಾ ಊರಿನ ಠಾಣೆಯ ಮೆಟ್ಟಿಲು ಹತ್ತಿದಳು. ಬೆಟ್ಟದ ಮೇಲಿನ ದೊಡ್ಡಿಯಿಂದ ಮೂರು ಗಂಟೆ ನಡೆದು ಬಂದಿದ್ದಳು. ಕಾನ್‌ಸ್ಟೇಬಲ್ ರುಫೀನೊ ತೊಲಾಬಾ ಕುರ್ಚಿ ಎಳೆದು ಕೊಟ್ಟರೂ ಕೂರಲಿಲ್ಲ. ತನ್ನ ನಾಯಿ ಬೆಳಗಿನ ಜಾವ ಬಾಯಲ್ಲಿ ನೊರೆ ಬಂದು ಸತ್ತಿತು, ಅದು ಬಂದ ದಾರಿ ಹಿಡಿದು ಹೋಗಿ ನೋಡಿದರೆ ಒಣ ಕಣಿವೆಯ ತುಂಬ ರಣಹದ್ದಿನ ಜಾತಿಯ ಕೊಂಡೋರ್‌ಗಳು ಬಿದ್ದಿವೆ ಎಂದಳು.

ಇನ್ಸ್‌ಪೆಕ್ಟರ್ ಸಬಿನಾ ಗರೇಕಾ ಒಳಗಿನ ಕೋಣೆಯಿಂದ ಎದ್ದು ಬಂದಳು. ಆ ಠಾಣೆಗೆ ಬಂದು ಎರಡು ವರ್ಷವಾಗಿತ್ತು. ದನದ ಕಳವು, ನೀರಿನ ಜಗಳ, ಕುಡಿದು ಹೊಡೆದಾಟ, ಇಷ್ಟೇ ಅವಳ ಪಾಲಿಗೆ ಬಂದಿದ್ದ ಕೇಸುಗಳು.

"ಎಷ್ಟು ಬಿದ್ದಿವೆ, ದೊನ್ಯಾ ಎಫ್ರಾಸಿಯಾ?"

"ಹತ್ತರ ತನಕ ಎಣಿಸ್ದೆ ತಾಯಿ. ಆಮೇಲೆ ಎಣಿಸೋಕೆ ಮನಸ್ಸಾಗಲಿಲ್ಲ."

ಹತ್ತು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿ ಅಪರಿಚಿತ. ಹನ್ನೊಂದಕ್ಕೆ ಜೀಪು ಹೊರಟಿತು.

ರಸ್ತೆ ಮುಗಿದ ಮೇಲೆ ಒಂದು ಗಂಟೆ ಕಾಲುದಾರಿ. ಕಣಿವೆಯ ತಳಕ್ಕೆ ಇಳಿದಾಗ ಒಂದೂಕಾಲು ಗಂಟೆ. ಸಬಿನಾ ಹುಟ್ಟಿದ್ದು ಇದೇ ಬೆಟ್ಟಗಳ ಆಚೆ ಮಗ್ಗುಲಲ್ಲಿ. ಕೊಂಡೋರ್ ಎಂದರೆ ಅವಳ ಪಾಲಿಗೆ ಆಕಾಶದಲ್ಲಿ ರೆಕ್ಕೆ ಆಡಿಸದೆ ತೇಲುವ ಒಂದು ಕಪ್ಪು ಗೆರೆ. ಅಷ್ಟು ಹತ್ತಿರದಿಂದ ಅವಳು ಅದನ್ನು ಎಂದೂ ನೋಡಿರಲಿಲ್ಲ. ಒಂದೊಂದರ ರೆಕ್ಕೆ ಬಿಡಿಸಿದರೆ ಇಬ್ಬರು ಆಳು ಉದ್ದಕ್ಕೆ ಮಲಗುವಷ್ಟಿತ್ತು. ಕತ್ತಿನ ಬಿಳಿ ತುಪ್ಪಳ ಧೂಳು ಕುಡಿದಿತ್ತು. ಎಲ್ಲವುಗಳ ಕಾಲ್ಬೆರಳು ಮುಷ್ಟಿ ಕಟ್ಟಿದ ಹಾಗೆ ಬಿಗಿದುಕೊಂಡಿದ್ದವು. ಕೆಲವು ಹಾರಲು ನೋಡಿ ಇಳಿಜಾರಿನ ಮುಳ್ಳುಪೊದೆಗಳಿಗೆ ಸಿಕ್ಕಿಬಿದ್ದಿದ್ದವು.

ರುಫೀನೊ ಒಂದೊಂದರ ಪಕ್ಕ ಸುಣ್ಣದಲ್ಲಿ ಅಂಕಿ ಬರೆಯುತ್ತ ಹೋದ. ಇಪ್ಪತ್ಮೂರಕ್ಕೆ ನಿಂತ. ಪಕ್ಕದಲ್ಲೊಂದು ನರಿಯೂ ಸತ್ತಿತ್ತು.

ನಡುವೆ ಒಂದು ಮೇಕೆಯ ಹೆಣ. ಪೂಮಾ ಹೊಡೆದದ್ದಲ್ಲ. ಹೊಟ್ಟೆಯನ್ನು ಚಾಕುವಿನಿಂದ ನೇರವಾಗಿ ಸೀಳಿದ್ದರು. ಉಳಿದ ಮಾಂಸದಲ್ಲಿ ನೇರಳೆ ಬಣ್ಣದ ಹರಳುಗಳು ಅಂಟಿದ್ದವು. ಎರಡೂ ಕಿವಿ ಬುಡಕ್ಕೆ ಕುಯ್ದಿದ್ದರು. ಆ ಸೀಮೆಯಲ್ಲಿ ಮೇಕೆ ಯಾರದೆಂದು ಹೇಳುವುದು ಕಿವಿಯ ಕಚ್ಚು ಗುರುತು.

"ಆಸಾಮಿ ಕಿಲಾಡಿ ಮೇಡಂ," ಎಂದ ರುಫೀನೊ. "ವಿಳಾಸ ಹರ್ಕೊಂಡು ಹೋಗಿದಾನೆ."

ಎರಡು ಗಂಟೆ ಐದಕ್ಕೆ, ಜೀಪಿನಲ್ಲಿ ಕರೆತಂದಿದ್ದ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಬರೆದರು. ಹರಳುಗಳನ್ನು ಮೂರು ಸೀಸೆಗಳಲ್ಲಿ ಹಾಕಿ ಅರಗಿನ ಮೊಹರು ಒತ್ತಿದರು. ಹೆಣಗಳನ್ನು ಹೇಸರಗತ್ತೆಗಳ ಮೇಲೆ ಕೆಳಗೆ ತರುವ ಹೊತ್ತಿಗೆ ಬಿಸಿಲು ಇಳಿದಿತ್ತು.

ಗುರುವಾರ ಬೆಳಗ್ಗೆ ಎಂಟಕ್ಕೆ ನಗರದಿಂದ ಪಶುವೈದ್ಯೆ ಡಾಕ್ಟರ್ ಹಿಮೆನಾ ಬಂದಳು. ಶಾಲೆಯ ಅಂಗಳದಲ್ಲಿ ಟಾರ್ಪಾಲು ಹಾಸಿ ಮಧ್ಯಾಹ್ನದವರೆಗೆ ಒಂದೊಂದನ್ನೇ ಕೊಯ್ದು ನೋಡಿದಳು. ಹನ್ನೆರಡು ಹೆಣ್ಣು, ಎಂಟು ಗಂಡು, ಇನ್ನೂ ಕಂದು ಬಣ್ಣ ಬಿಡದ ಮೂರು ಎಳೆಯವು. ಹೊಲದ ಹುಳುವಿಗೆ ಹಾಕುವ ಕಾರ್ಬೊಫ್ಯುರಾನ್ ಇರಬೇಕು, ಖಚಿತ ವರದಿಗೆ ಪ್ರಯೋಗಾಲಯಕ್ಕೆ ಕಾಯಬೇಕು ಎಂದಳು. ಈ ಹಕ್ಕಿಗಳು ಎರಡು ವರ್ಷಕ್ಕೊಮ್ಮೆ ಮೊಟ್ಟೆ ಇಡುತ್ತವೆ, ಅದೂ ಒಂದೇ. ಒಂದು ಬೆಳಗ್ಗೆ ಸತ್ತ ಇಷ್ಟನ್ನು ಕಣಿವೆ ಮತ್ತೆ ತುಂಬಿಕೊಳ್ಳಲು ಒಂದು ತಲೆಮಾರು ಬೇಕು ಎಂದು ಕೈ ತೊಳೆಯುತ್ತ ಹೇಳಿದಳು. ರೆಕ್ಕೆಗೆ ಹಿಂದೆ ತಾನೇ ನಂಬರಿನ ಪಟ್ಟಿ ಹಾಕಿದ್ದ ಒಂದು ಗಂಡುಹಕ್ಕಿಯನ್ನು ಅವಳು ಪಕ್ಕಕ್ಕಿಟ್ಟಿದ್ದಳು. ಅದರ ಗೂಡು ಕಣಿವೆಯ ಮೇಲಿನ ಬಂಡೆಯಲ್ಲಿತ್ತು, ಗೂಡಿನಲ್ಲಿ ಮರಿಯಿತ್ತು.

"ತಾಯಿಹಕ್ಕಿಯನ್ನ ನಾನು ಗುರುತು ಹಿಡೀತೀನಿ, ಅದು ಸತ್ತವುಗಳಲ್ಲಿಲ್ಲ," ಎಂದಳು. "ಈಗ ಅದೊಂದೇ ಆಹಾರ ಹುಡುಕ್ಬೇಕು."

ಕೊನೆಗೆ ಮೇಕೆಯ ಸರದಿ. ಎಡ ಮುಂಗಾಲಿನ ಮೂಳೆಯನ್ನು ಎತ್ತಿ ಸಬಿನಾಳಿಗೆ ತೋರಿಸಿದಳು. "ಇದು ಒಂದ್ಸಲ ಮುರಿದಿತ್ತು. ಕಟ್ಟಿದವರ ಕೈ ನೋಡಿ. ನಾನು ಕಟ್ಟಿದ್ರೂ ಇಷ್ಟು ನೆಟ್ಟಗೆ ಕೂರ್ತಿರ್ಲಿಲ್ಲ."

ಸಬಿನಾ ಆ ಮೂಳೆಯನ್ನು ಕಾಗದದಲ್ಲಿ ಸುತ್ತಿ ಎಫ್ರಾಸಿಯಾಳ ದೊಡ್ಡಿಗೆ ಹೋದಳು. ಮೂಳೆ ಕಟ್ಟುವವಳು ಮೇಲಿನ ಹಟ್ಟಿಗಳಲ್ಲಿ ಒಬ್ಬಳೇ ಇದ್ದಳು, ನತಿವಿದಾದ್. ಏಪ್ರಿಲ್‌ನಲ್ಲಿ ತೀರಿಕೊಂಡಳು ಎಂದಳು ಎಫ್ರಾಸಿಯಾ. ಎರಡು ವರ್ಷದಲ್ಲಿ ಅವಳು ಮೂರು ಮುಂಗಾಲು ಕಟ್ಟಿದ್ದಳು. ಒಂದು ಎಫ್ರಾಸಿಯಾಳ ಕುರಿಯದು, ಅದು ಅಲ್ಲೇ ಬೇಲಿಯೊಳಗೆ ಮೇವು ಮೆಲ್ಲುತ್ತಿತ್ತು. ಇನ್ನೊಂದು ಊರ ಮುಖಂಡನ ಮೇಕೆಯದು, ಈಸ್ಟರ್ ಊಟಕ್ಕೆ ಕಡಿದಾಗಿತ್ತು. ಮೂರನೆಯದು ಅವಳದೇ ಮನೆಯದು.

"ಮನೇಲಿ ಈಗ ಯಾರಿದಾರೆ?"

"ಗಂಡ. ತಿಯೋಫಿಲೊ ಆರ್ಮೆಯಾ." ಮುದುಕಿ ಕುರಿಯ ಮುಂದೆ ಮೇವು ತಳ್ಳಿದಳು. "ಕೆಟ್ಟವನಲ್ಲ ತಾಯಿ. ನನ್ನ ನಾಯಿಗೆ ಹೆಸರಿಟ್ಟವನೇ ಅವನು."

ಅದೇ ಸಂಜೆ ರುಫೀನೊ ಸಂತೆಬೀದಿಯ ಗೊಬ್ಬರದಂಗಡಿಗೆ ಹೋದ. ಅಂಗಡಿಯವನು ಮೊದಲು ಆ ಹರಳನ್ನು ಕಂಡೇ ಇಲ್ಲವೆಂದ. ಬಾಗಿಲು ಹಾಕಿ ಠಾಣೆಗೆ ನಡೆ ಎಂದಾಗ ನೆನಪು ಬಂತು. ಜುಲೈಯಲ್ಲಿ ಆಲೂಗಡ್ಡೆಯ ಹುಳುವಿಗೆಂದು ನಾಲ್ವರಿಗೆ ಬಿಡಿಯಾಗಿ ಮಾರಿದ್ದ. ಮೂವರು ಬಿತ್ತನೆ ಮಾಡಿದ್ದರು. ನಾಲ್ಕನೆಯವನು ತಿಯೋಫಿಲೊ, ಅವನ ಹೊಲ ಈ ವರ್ಷ ಬೀಳು ಬಿದ್ದಿತ್ತು.

ಶುಕ್ರವಾರ ಹನ್ನೊಂದು ನಲವತ್ತಕ್ಕೆ ಇಬ್ಬರೂ ಅವನ ಅಂಗಳದಲ್ಲಿದ್ದರು. ಅರವತ್ತರ ಆಸುಪಾಸಿನ ಸಣಕಲು ಮನುಷ್ಯ, ಗೋಡೆಗೆ ಒರಗಿ ಉಣ್ಣೆ ನೂಲುತ್ತಿದ್ದ. ಪೊಲೀಸರನ್ನು ಕಂಡು ಎದ್ದು, ಒಳಗೆ ಹೋಗಿ ಬೇಯಿಸಿದ ಜೋಳ, ಮೇಕೆ ಗಿಣ್ಣು ತಂದಿಟ್ಟ. ಸಬಿನಾ ತಟ್ಟೆಯನ್ನು ಮುಟ್ಟಲಿಲ್ಲ.

"ಕಾಲು ಮುರಿದಿದ್ದ ಮೇಕೆ ಎಲ್ಲಿ, ದೋನ್ ತಿಯೋಫಿಲೊ?"

"ಕಳೆದೋಯ್ತು. ಪೂಮಾ ಹೊತ್ಕೊಂಡು ಹೋಗಿರ್ಬೇಕು."

"ಪೂಮಾ ಚಾಕು ಹಿಡಿಯಲ್ಲ. ಕಿವಿ ಕುಯ್ದು ಜೇಬಿಗೂ ಹಾಕ್ಕೊಳಲ್ಲ."

ಅವನು ಮತ್ತೆ ಕೂತು ನೂಲಿನ ಕದಿರನ್ನು ಮಡಿಲಲ್ಲಿಟ್ಟುಕೊಂಡ. ಆಮೇಲೆ ಕೇಳಿದ್ದು ಸಬಿನಾ ಎಣಿಸದ ಮಾತು.

"ಎಷ್ಟು ನಾಯಿ ಸತ್ತವು?"

"ಒಂದು. ದೊನ್ಯಾ ಎಫ್ರಾಸಿಯಾದು."

"ಅದಲ್ಲ. ಬೇರೆ?"

"ಬೇರೆ ನಾಯಿ ಇಲ್ಲ. ಇಪ್ಪತ್ಮೂರು ಕೊಂಡೋರ್."

ಎಷ್ಟೆಂದು ಮತ್ತೆ ಕೇಳಿದ. ರುಫೀನೊ ಹೇಳಿದ. ಮಂಗಳವಾರ ಮುಂಜಾನೆ ಮೇಕೆಯನ್ನು ಕಣಿವೆಯಲ್ಲಿ ಬಿಟ್ಟು ಬಂದವನು ಆಮೇಲೆ ಕಣಿವೆಗೆ ಇಳಿದಿರಲಿಲ್ಲ. ಸುದ್ದಿ ಹೇಳಲು ಯಾರೂ ಇತ್ತ ಬಂದೂ ಇರಲಿಲ್ಲ. ನಾಯಿಗಳು ಬರುವ ಮೊದಲೇ ಆಕಾಶದ ಹಕ್ಕಿಗಳು ಇಳಿಯುತ್ತವೆಂದು ಅವನಿಗೆ ಹೊಳೆದಿರಲಿಲ್ಲ. ಎರಡೂ ಅಂಗೈಯಿಂದ ಮುಖ ಉಜ್ಜಿಕೊಂಡ. ಎದ್ದು ಟೋಪಿ ಹಾಕಿಕೊಂಡ.

"ಇನ್ನೊಂದಿದೆ ಮೇಡಂ," ಎಂದ. "ಕುರಿ. ಇವತ್ತು ಬೆಳಗ್ಗೆ ಇಟ್ಟೆ. ಬಂಡೆ ಮೇಲಿನ ಬಯಲಲ್ಲಿ."

ಆ ಬಂಡೆಯಲ್ಲೇ ಮರಿಯ ಗೂಡು. ಮೂವರೂ ಓಡಿದರು. ದಾರಿ ಗೊತ್ತಿದ್ದವನು ಅವನೊಬ್ಬನೇ ಆದ್ದರಿಂದ ಆರೋಪಿ ಮುಂದೆ, ಪೊಲೀಸರು ಹಿಂದೆ. ಕಡಿದಾದ ಏರಿನಲ್ಲಿ ಸಬಿನಾಳ ಎದೆ ಹೊಡೆದುಕೊಳ್ಳತೊಡಗಿತು. ಅವನು ನಿಲ್ಲಲಿಲ್ಲ, ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಹನ್ನೆರಡು ಐವತ್ತಕ್ಕೆ ಬಯಲು ಕಂಡಿತು.

ಕುರಿಯ ಹೆಣದ ಪಕ್ಕ ಒಂದು ಕೊಂಡೋರ್ ನಿಂತಿತ್ತು. ತಲೆಯ ಮೇಲೆ ಗಂಡಿಗಿರುವ ಜುಟ್ಟಿಲ್ಲದ ಹೆಣ್ಣುಹಕ್ಕಿ. ತಿಯೋಫಿಲೊ ಕೂಗುತ್ತ, ಟೋಪಿ ಬೀಸುತ್ತ ಅದರತ್ತ ನುಗ್ಗಿದ. ರುಫೀನೊ ಗಾಳಿಯಲ್ಲಿ ಗುಂಡು ಹಾರಿಸಿದ. ಹಕ್ಕಿ ಅಂಚಿನವರೆಗೆ ಕುಪ್ಪಳಿಸುತ್ತ ಹೋಗಿ ಕೆಳಗೆ ಬಿದ್ದಂತೆ ಬಿದ್ದು, ಗಾಳಿ ಸಿಕ್ಕಿ ಮೇಲೆದ್ದಿತು. ಕುರಿಯ ಒಂದು ಕಣ್ಣು ಹೋಗಿತ್ತು. ಹೊಟ್ಟೆಗೆ ಕೊಕ್ಕು ತಾಗಿತ್ತೋ ಇಲ್ಲವೋ ಯಾರಿಗೂ ಹೇಳಲಾಗಲಿಲ್ಲ.

ಹೆಣವನ್ನು ಚೀಲದಲ್ಲಿ ಕಟ್ಟಿ ಮೊಹರು ಮಾಡಿದರು. ಒಂದು ಇಪ್ಪತ್ತೈದಕ್ಕೆ, ಅದೇ ಬಯಲಿನಲ್ಲಿ, ಸಬಿನಾ ತಿಯೋಫಿಲೊ ಆರ್ಮೆಯಾನನ್ನು ಬಂಧಿಸಿದಳು. ಅವಳು ಕೇಳುವ ಮೊದಲೇ ಅವನು ಕೈ ಮುಂದೆ ಮಾಡಿದ. ಇಳಿಜಾರಿನಲ್ಲಿ ಬಿದ್ದಾನೆಂದು ಅವಳು ಬೇಡಿ ಹಾಕಲಿಲ್ಲ.

ನಾಲ್ಕೂವರೆಗೆ ಠಾಣೆಯಲ್ಲಿ ಹೇಳಿಕೆ ಶುರುವಾಯಿತು. ರುಫೀನೊ ಟೈಪ್ ಮಾಡುತ್ತಿದ್ದ. ತಿಯೋಫಿಲೊ ನಿಧಾನವಾಗಿ, ತಾರೀಖುಗಳ ಸಮೇತ ಹೇಳಿದ. ಪಟ್ಟಣದವರು ಬೇಡವಾದ ನಾಯಿಗಳನ್ನು ತಂದು ಕಸದ ಗುಂಡಿಯ ಹತ್ತಿರ ಬಿಟ್ಟು ಹೋಗುತ್ತಾರೆ. ಅವು ಹಿಂಡು ಕಟ್ಟಿಕೊಂಡು ಬೆಟ್ಟಕ್ಕೆ ಬರುತ್ತವೆ. ಮಾರ್ಚ್ ಆರರಂದು ಕುರಿಗಳ ಮೇಲೆ ಬಿದ್ದಾಗ ನತಿವಿದಾದ್ ಕೋಲು ಹಿಡಿದು ಅಡ್ಡ ಹೋದಳು. ಮೀನಖಂಡಕ್ಕೆ ಕಚ್ಚಿದವು. ಆರೋಗ್ಯ ಕೇಂದ್ರದಲ್ಲಿ ಗಾಯ ಹೊಲಿದು ಕಳಿಸಿದರು, ಹುಚ್ಚುನಾಯಿ ರೋಗದ ಚುಚ್ಚುಮದ್ದು ಕೊಡಲಿಲ್ಲ. ಏಪ್ರಿಲ್ ಹದಿನೈದಕ್ಕೆ ಅವಳಿಗೆ ನೀರು ಕುಡಿಯಲಾಗಲಿಲ್ಲ. ಲೋಟ ಕಂಡರೆ ಗಂಟಲು ಬಿಗಿಯುತ್ತಿತ್ತು. ಐದು ದಿನ ಬದುಕಿದ್ದಳು.

ಕಿವಿ ಯಾಕೆ ಕುಯ್ದೆ ಎಂದು ಸಬಿನಾ ಕೇಳಿದಳು.

"ಆ ಕಚ್ಚು ನತಿ ಹಾಕಿದ್ದು. ಅದರ ಮೇಲೆ ವಿಷ ಬೀಳೋದು ಬೇಡ ಅನ್ನಿಸ್ತು."

"ನಾಯಿ ಕಾಟ ಇದ್ರೆ ಇಲ್ಲಿಗೆ ಬಂದು ಹೇಳ್ಬೇಕಿತ್ತು."

"ಹೇಳ್ದೆ, ನತಿ ಹೋದ್ಮೇಲೆ, ಏಪ್ರಿಲ್ ಕೊನೇಲಿ. ನಾಯಿ ವಿಷಯ ಪುರಸಭೆಗೆ ಸೇರಿದ್ದು ಅಂದ್ರು. ಪುರಸಭೇಲಿ ಪೊಲೀಸರ ಪತ್ರ ತಗೊಂಡ್ಬಾ ಅಂದ್ರು. ಪತ್ರಕ್ಕೆ ಅಂತ ಮೇ ತಿಂಗಳಲ್ಲಿ ಮತ್ತೆ ಇಲ್ಲಿಗೇ ಬಂದೆ."

"ಕುರ್ಚೀಲಿ ಯಾರಿದ್ರು?"

ಅವನು ಗೋಡೆ ಕಡೆ ನೋಡಿದ. "ಎರಡೂ ಸಲ ನೀವೇ ಇದ್ರಿ ಮೇಡಂ."

ಸಬಿನಾ ನೆನಪಿಸಿಕೊಳ್ಳಲು ನೋಡಿದಳು. ಟೋಪಿ ಕೈಯಲ್ಲಿ ಹಿಡಿದು ನಿಂತ ಮುದುಕರು ಆ ಬಾಗಿಲಲ್ಲಿ ಎಷ್ಟೋ ಜನ. ಈ ಮುಖ ಅವರಲ್ಲಿ ಸಿಗಲಿಲ್ಲ.

"ನಾನೇನಂದೆ?"

"ಸೋಮವಾರ ಬನ್ನಿ ಅಂದ್ರಿ. ಬಂದೆ. ನೀವು ಊರಲ್ಲಿರ್ಲಿಲ್ಲ."

ಟೈಪಿನ ಸದ್ದು ನಿಂತಿತು. "ಇದನ್ನೂ ಬರೀಲಾ ಮೇಡಂ?"

"ಬರಿ."

"ಹೆಸರು ಸಮೇತ?"

"ಹೆಸರು ಸಮೇತ."

ದೂರಿನ ಪುಸ್ತಕ ತರಿಸಿ ಏಪ್ರಿಲ್, ಮೇ ಎರಡೂ ತಿಂಗಳ ಹಾಳೆಗಳನ್ನು ಅವಳೇ ಮಗುಚಿ ನೋಡಿದಳು. ಅವನ ಹೆಸರಿನಲ್ಲಿ ಒಂದು ಸಾಲೂ ಇರಲಿಲ್ಲ. ಅದನ್ನೂ ಹೇಳಿಕೆಯ ಕೆಳಗೆ ಬರೆಸಿ ಸಹಿ ಹಾಕಿದಳು. ಅವನು ಹೆಬ್ಬೆಟ್ಟು ಒತ್ತಿದ. ಶನಿವಾರ ಬೆಳಗ್ಗೆಯಿಂದ ಡಾಕ್ಟರ್ ಹಿಮೆನಾ ಬಂಡೆಯ ಎದುರು ದುರ್ಬೀನು ಹಿಡಿದು ಕೂತಳು. ಭಾನುವಾರ ಮಧ್ಯಾಹ್ನ ಫೋನು ಮಾಡಿ, ತಾಯಿಹಕ್ಕಿ ಗೂಡಿಗೆ ಬಂತು, ಒಂಟಿಯಾಗಿ ಮರಿಯನ್ನು ಉಳಿಸಿಕೊಳ್ಳುತ್ತದೋ ನೋಡಬೇಕು ಎಂದಳು.

ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಆರೋಪಿಯನ್ನು ನಗರದ ನ್ಯಾಯಾಲಯಕ್ಕೆ ಹೊರಡಿಸಿದರು. ರಸ್ತೆ ಕಸದ ಗುಂಡಿಯ ಪಕ್ಕದಲ್ಲೇ ಹಾಯುತ್ತದೆ. ಜೀಪಿನ ಸದ್ದಿಗೆ ನಾಯಿಗಳು ಬೂದಿಯ ರಾಶಿಯಿಂದ ಎದ್ದು ಬೊಗಳುತ್ತ ಹಿಂದೆ ಓಡಿಬಂದವು. ತಿಯೋಫಿಲೊ ಕಿಟಕಿಗೆ ಮುಖವಿಟ್ಟು ಅವು ಹಿಂದೆ ಬೀಳುವವರೆಗೂ ನೋಡಿದ.

"ಹನ್ನೊಂದು," ಎಂದ. "ವಿಷ ಇಡೋ ಮುಂಚೆ ಇದ್ದಷ್ಟೂ ಇವೆ."

ಸಬಿನಾ ರುಫೀನೊಗೆ ಜೀಪು ನಿಲ್ಲಿಸಲು ಹೇಳಿದಳು. ಇಳಿದು, ನಾಯಿಗಳ ಕಡೆ ತಿರುಗಿ, ಜೇಬಿನಿಂದ ಪುಸ್ತಕ ತೆಗೆದು, ಅವನ ದೂರೆಂದು ಬರೆದುಕೊಂಡು, ಎಣಿಸತೊಡಗಿದಳು.